ಬೇಟೆಯ ಹಂದಿ, ಒಲೆಯ ಪಂದಿ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಕ್ರಿ.ಶ. 950ರ ಆಸುಪಾಸಿನದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗ ದೊರೆ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿಯೂ ಸಿಕ್ಕಿತು. ಕಲ್ಲಿನ ಮೇಲೆ ಇಂದಿಗೂ ನಾಯಿ ಮತ್ತು ಹಂದಿ ಒಂದನ್ನೊಂದು ಕಚ್ಚಿ ಹಿಡಿದಿವೆ.

ಹಳಗನ್ನಡದ ತರಗತಿಯಲ್ಲಿ ಈ ಶಾಸನ ಓದಿದವರು ಅದರ ‘ಪಂದಿ’ ಎಂಬ ರೂಪವನ್ನು ಗಮನಿಸಿರುತ್ತಾರೆ. ಪಕಾರ ಹಕಾರವಾಗಿ ಪಂದಿ ಹಂದಿಯಾಯಿತು ಎಂಬ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ. ನಾವು ಕೇಳದೆ ಬಿಡುವ ಪ್ರಶ್ನೆ ಇನ್ನೊಂದಿದೆ: ಸತ್ತ ಆ ಹಂದಿ ಏನಾಯಿತು? ನಾಯಿಗೆ ಗುಡಿಯ ಮುಂದೆ ಕಲ್ಲು, ಮಣಲೇರನಿಗೆ ಊರು, ಬೂತುಗನಿಗೆ ಕೀರ್ತಿ ಸಿಕ್ಕಿತು. ಹಂದಿಯನ್ನು ಯಾರು ಹೊತ್ತು ತಂದರು, ಯಾರು ಸುಟ್ಟು ಕೂದಲು ಕೆರೆದರು, ಯಾವ ಒಲೆಯ ಮೇಲೆ ಬೆಂದಿತು ಎಂಬುದು ಶಾಸನಕ್ಕೆ ಬೇಕಿಲ್ಲ. ಶಾಸನದಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ಅದರ ನಂತರದ ಸಾವಿರ ವರ್ಷದ ಬರವಣಿಗೆಯನ್ನು ಇದೇ ಪ್ರಶ್ನೆ ಹಿಡಿದು ಓದಿದರೆ ಒಂದು ವಿಚಿತ್ರ ಚಿತ್ರ ಮೂಡುತ್ತದೆ. ಕನ್ನಡ ಕಾವ್ಯ ಹಂದಿಯನ್ನು ಮತ್ತೆ ಮತ್ತೆ ಬೇಟೆಯಾಡಿದೆ. ಬೇಯಿಸಿದ್ದು ಅಪರೂಪ.

ಕಿರಾತಾರ್ಜುನೀಯ ಪ್ರಸಂಗವನ್ನೇ ನೋಡಿ. ಪಂಪನಲ್ಲೂ ಕುಮಾರವ್ಯಾಸನಲ್ಲೂ ಬರುವ ಈ ಕತೆಯಲ್ಲಿ ಒಂದು ಹಂದಿಗೆ ಎರಡು ಬಾಣ ತಾಗುತ್ತವೆ; ಹಂದಿ ಯಾರದು ಎಂಬ ಜಗಳ ಶಿವನಿಗೂ ಅರ್ಜುನನಿಗೂ ಯುದ್ಧವಾಗಿ, ಪಾಶುಪತಾಸ್ತ್ರದ ವರದಲ್ಲಿ ಮುಗಿಯುತ್ತದೆ. ಹಂದಿ ಅಲ್ಲೇ ಬಿದ್ದಿರುತ್ತದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಬೇಟೆಯ ವರ್ಣನೆ ಎಷ್ಟು ಕಸುವಿನದೆಂದು ಓದಿದವರಿಗೆಲ್ಲ ಗೊತ್ತು. ಅಲ್ಲಿಯೂ ವಿಶ್ವಾಮಿತ್ರ ಸೃಷ್ಟಿಸಿದ ಮಾಯೆಯ ಹಂದಿ ರಾಜನನ್ನು ಆಶ್ರಮದತ್ತ ಸೆಳೆದುತಂದು ತನ್ನ ಕೆಲಸ ಮುಗಿಸುತ್ತದೆ. ಬೇಟೆಯ ಹಂದಿ ಗಂಡಸಿನ ಪರಾಕ್ರಮವನ್ನು ಅಳೆಯುವ ಕೋಲು. ಅದು ಕಾಡಿನಲ್ಲಿ ಸಾಯಬೇಕು, ಅಡುಗೆಮನೆಗೆ ಬರಬಾರದು. ಅಡುಗೆಮನೆಗೆ ಬಂದ ಕೂಡಲೇ ಅದು ಜಾತಿಯ ವಿಷಯವಾಗುತ್ತದೆ, ಹೆಂಗಸಿನ ದುಡಿಮೆಯ ವಿಷಯವಾಗುತ್ತದೆ. ಕಾವ್ಯಕ್ಕೆ ಎರಡೂ ಇರುಸುಮುರುಸು.

ಹಂದಿ ಒಲೆಯವರೆಗೆ ಬಂದು ತಲುಪಿದ, ಅದೂ ಹಳಗನ್ನಡದ ಹೆಸರನ್ನೇ ಉಳಿಸಿಕೊಂಡು ತಲುಪಿದ ನಾಡು ಕೊಡಗು. ಕೊಡವ ತಕ್ಕ್‌ನಲ್ಲಿ ಅದು ಇಂದಿಗೂ ಪಂದಿ. ಪಂದಿ ಕರಿ ಎಂಬ ಎರಡು ಪದಗಳಲ್ಲಿ ಮೊದಲನೆಯದು ಆತಕೂರಿನ ಕಲ್ಲಿನ ಮೇಲಿರುವ ಪದವೇ. ಹೊಸಗನ್ನಡ ಕಳೆದುಕೊಂಡದ್ದು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಹೋಟೆಲುಗಳ ಬೋರ್ಡಿನಲ್ಲಿದೆ.

ಈ ಅಡುಗೆಯನ್ನು ಒಂದು ಪಠ್ಯದಂತೆ ಓದೋಣ. ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡು ಬೇಕು; ಮುಂಗಾಲು ಸೇರುವ ಭುಜದ ಭಾಗ ಇದಕ್ಕೆ ಚೆನ್ನಾಗಿ ಒದಗುತ್ತದೆ. ಆ ಭಾಗದ ಸ್ನಾಯು ಗಟ್ಟಿ, ನಡುನಡುವೆ ನಾರು. ಸಣ್ಣ ಉರಿಯಲ್ಲಿ ಹೊತ್ತು ಬೆಂದರೆ ಆ ನಾರೇ ಕರಗಿ ಸಾರಿಗೆ ಮೈ ಕೊಡುತ್ತದೆ. ಅರಿಸಿನ, ಉಪ್ಪು ಸವರಿದ ತುಂಡುಗಳು ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನ ಜತೆ ತಮ್ಮದೇ ಕೊಬ್ಬಿನಲ್ಲಿ, ತಮ್ಮದೇ ನೀರಿನಲ್ಲಿ ಬೇಯುತ್ತವೆ. ಇನ್ನೊಂದು ಕಡೆ ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಕಾಳುಮೆಣಸು ಹುರಿಯಬೇಕು. ಸಾಮಾನ್ಯ ಸಾರಿನ ಪುಡಿಗೆ ಹುರಿದಂತೆ ಅಲ್ಲ. ಕಪ್ಪಾಗುವ ತನಕ, ಇನ್ನೊಂದು ಕ್ಷಣ ಬಿಟ್ಟರೆ ಕಹಿ ಎನ್ನುವ ತನಕ. ಕೊನೆಗೆ ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣಾಗುವ ಪಣಪುಳಿಯನ್ನು ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕುವ ರಸವನ್ನು ಪಾತ್ರೆಯಲ್ಲಿ ಹಿಡಿದು, ಅದನ್ನು ಕುದಿಸಿ ಕುದಿಸಿ ಕಾಡಿಗೆಯಂತೆ ಕಪ್ಪಗೆ ಇಳಿಸಿದರೆ ಅದು ಕಾಚಂಪುಳಿ, ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು.

ಇಲ್ಲಿನ ಖಾರಕ್ಕೂ ಇತಿಹಾಸವಿದೆ. ಕಾಳುಮೆಣಸನ್ನು ಮಲೆನಾಡಿನಲ್ಲೂ ಕರಾವಳಿಯಲ್ಲೂ ಒಳ್ಳೆಮೆಣಸು ಎನ್ನುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಹೊಸ ಮೆಣಸಿನಕಾಯಿ ಬಂದಾಗ ಹಳೆಯದನ್ನು ಬೇರೆಯಾಗಿ ಗುರುತಿಸಬೇಕಾಗಿ ಬಂತು ಎಂಬುದರ ಗುರುತು ಈ ‘ಒಳ್ಳೆ’. ಕೊಡಗಿನಲ್ಲಿ ಬಳಸುವ ಪುಟ್ಟ ಗಾಂಧಾರಿ ಮೆಣಸಿನ ಕೊಡವ ಹೆಸರಿನಲ್ಲೇ ‘ಪರಂಗಿ’ ಇದೆ. ನೆರಳು ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಕಾಡಿನ ಹುಳಿ, ಸಮುದ್ರ ದಾಟಿ ಬಂದ ಪರಂಗಿ ಖಾರ, ಹಂದಿಯ ಕೊಬ್ಬು. ‘ಪ್ರಾಚೀನ’, ‘ಅಪ್ಪಟ’ ಎಂದು ಪ್ರವಾಸಿ ಬರಹಗಳು ಹೊಗಳುವ ಮಡಕೆಯಲ್ಲಿ ಇಷ್ಟು ಕಾಲಗಳು ಒಟ್ಟಿಗೆ ಬೇಯುತ್ತಿರುತ್ತವೆ.

ಕನ್ನಡದ ಪಾಕಶಾಸ್ತ್ರ ಪರಂಪರೆಯಲ್ಲಿ ಇದಕ್ಕೆ ಜಾಗವಿತ್ತೇ? 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ಅಧ್ಯಾಯವಿದೆ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇಡಿಯಾಗಿ ಅಡುಗೆಯದ್ದೇ ಗ್ರಂಥ. ಮಂಗರಸ ಜೈನ. ಎರಡರಲ್ಲೂ ಇರುವುದು ಸಸ್ಯಾಹಾರ. ಇವುಗಳ ನಡುವೆ, 12ನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಹಂದಿಯ ಅಡುಗೆಯಿದೆ, ಅದೂ ಮೈಕೂದಲು ತೆಗೆಯುವ ಕ್ರಮದಿಂದ ಮೊದಲುಗೊಂಡು. ವರಾಹವನ್ನೇ ಲಾಂಛನವಾಗಿ ಉಳ್ಳ ವಂಶದ ಅರಸ ಹಂದಿಯ ಪಾಕವನ್ನು ದಾಖಲಿಸಿದ. ಆದರೆ ದಾಖಲಿಸಿದ್ದು ಸಂಸ್ಕೃತದಲ್ಲಿ. ಕನ್ನಡ ನಾಡಿನ ಹಂದಿಯ ಅಡುಗೆ ಸಂಸ್ಕೃತದಲ್ಲಿ ಉಳಿಯಿತು, ಕನ್ನಡದ ಅಡುಗೆ ಪುಸ್ತಕಗಳು ಸಸ್ಯಾಹಾರಿಯಾಗಿ ಉಳಿದವು. ‘ಸಂಸ್ಕೃತ ಎಂದರೆ ಮಡಿ, ದೇಸಿ ಎಂದರೆ ಬಾಡು’ ಎಂಬ ನಮ್ಮ ಸರಳ ಗಣಿತ ಇಲ್ಲಿ ತಲೆಕೆಳಗಾಗುತ್ತದೆ. ಬಾಡಿನ ಅಡುಗೆ ಬರೆಯಲು ಅರಸನ ಅಧಿಕಾರ ಬೇಕಿತ್ತು. ಅಧಿಕಾರವಿಲ್ಲದವರು ಬೇಯಿಸಿದರು, ತಿಂದರು, ಬರೆಯಲಿಲ್ಲ.

ಆಧುನಿಕ ಕನ್ನಡಕ್ಕೆ ಬಂದರೆ, ಮಲೆನಾಡಿನ ಮಟ್ಟಿಗೆ ಈ ಮೌನವನ್ನು ಕುವೆಂಪು ಮುರಿದರು. ‘ಕಾನೂರು ಹೆಗ್ಗಡಿತಿ’ಯಲ್ಲೂ ‘ಮಲೆಗಳಲ್ಲಿ ಮದುಮಗಳು’ವಿನಲ್ಲೂ ಬೇಟೆ ಕಾಡಿನಲ್ಲೇ ನಿಲ್ಲುವುದಿಲ್ಲ, ಪಾಲಾಗಿ, ಕತ್ತರಿಸಿಕೊಂಡು, ಬೆಂದು, ಮನೆಗಳ ಒಳಗೂ ಕೇರಿಗಳ ಒಳಗೂ ಬರುತ್ತದೆ. ಯಾರು ಎಲ್ಲಿ ಕುಳಿತು ಉಂಡರು ಎಂಬುದರಿಂದಲೇ ಆ ಸಮಾಜದ ನಕ್ಷೆ ಬಿಡಿಸಬಹುದು. ಕೊಡಗಿಗೆ ಕನ್ನಡದಲ್ಲಿ ಅಂಥ ಬರವಣಿಗೆ ಸಿಗಲಿಲ್ಲ. ಪಂಜೆ ಮಂಗೇಶರಾಯರ ‘ಹುತ್ತರಿ ಹಾಡು’ ಕೊಡಗನ್ನು ಕನ್ನಡದ ಮಕ್ಕಳ ಬಾಯಿಗೆ ತಂದಿತು. ಹೊಸ ಅಕ್ಕಿಯ ಹಬ್ಬದ ಹೆಸರು ಹೊತ್ತ ಆ ಹಾಡಿನ ನಿಲುವು ನಾಡಿನ ಚೆಲುವು ಮತ್ತು ಶೌರ್ಯದ ಕಡೆಗೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಅರಮನೆಯ ಪತನದ ಕತೆ. ಕೊಡಗಿನ ಗೌರಮ್ಮ ಊರಿನ ಹೆಸರನ್ನೇ ತನ್ನ ಹೆಸರಿನ ಮುಂದಿಟ್ಟುಕೊಂಡವರು. 1939ರಲ್ಲಿ ಇಪ್ಪತ್ತೇಳರ ಆಸುಪಾಸಿನಲ್ಲಿ ತೀರಿಹೋಗುವ ಮುನ್ನ ಅವರು ಬರೆದ ಕತೆಗಳು ವಿಧವೆಯರ, ವಂಚಿತ ಹೆಂಡತಿಯರ ಬಾಳನ್ನು ದಿಟ್ಟವಾಗಿ ಹೇಳಿದವು. ಅವರು ತಾವು ಬಲ್ಲ ಒಳಮನೆಯನ್ನು ಬರೆದರು. ಅದು ಕೊಡವರ ಒಳಮನೆಯಲ್ಲ.

ಇದು ಯಾರ ಮೇಲಿನ ದೂರೂ ಅಲ್ಲ. ಕೊಡಗಿನ ಬಗ್ಗೆ ಕನ್ನಡದಲ್ಲಿ ಬರೆದವರಲ್ಲಿ ಪ್ರಸಿದ್ಧರಾದ ಅನೇಕರು ಜಗಲಿಯವರೆಗಿನ ಅತಿಥಿಗಳು. ಜಗಲಿಯಿಂದ ಕಾಣುವುದು ಬೆಟ್ಟ, ಮಂಜು, ಕುಪ್ಪಸ, ಪೀಚೆಕತ್ತಿ, ಕೋವಿ. ಹೊಗೆ ಕಾಣುತ್ತದೆ, ಮಡಕೆ ಕಾಣುವುದಿಲ್ಲ. ಒಳಗಿನವರಾದ ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದಾಗ ಹಾಡು, ಆಚಾರ, ಹಬ್ಬಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟರು. ಆದರೆ ಕನ್ನಡ ವಿಮರ್ಶೆ ಅದನ್ನು ಜಾನಪದ ಸಂಗ್ರಹವೆಂದು ಗೌರವದಿಂದ ಕಪಾಟಿನಲ್ಲಿಟ್ಟಿತೇ ಹೊರತು ತನ್ನ ಸಾಹಿತ್ಯಚರಿತ್ರೆಯ ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಕೊಡವ ಮನೆಯ ಹೆಣ್ಣೊಬ್ಬಳನ್ನು ಕೇಂದ್ರದಲ್ಲಿಟ್ಟು ಕಾವೇರಿ ನಂಬೀಶನ್ ಕಾದಂಬರಿ ಬರೆದದ್ದು 1996ರಲ್ಲಿ, ಇಂಗ್ಲಿಷಿನಲ್ಲಿ. ಅದರ ಹೆಸರು ‘ದಿ ಸೆಂಟ್ ಆಫ್ ಪೆಪ್ಪರ್’, ಮೆಣಸಿನ ಪರಿಮಳ.

ಕನ್ನಡ ವಿಮರ್ಶೆಗೆ ಕೊಡಗು ಕೊಟ್ಟ ದೊಡ್ಡ ಪದವೊಂದಿದೆ: ಸಂಸ್ಕೃತೀಕರಣ. ದಲಿತ ಸಾಹಿತ್ಯ, ವಚನ, ಜಾನಪದ ಯಾವುದರ ಬಗ್ಗೆ ಸೆಮಿನಾರು ನಡೆದರೂ ಈ ಪದ ಕೇಳಿಸುತ್ತದೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಿಂದ ಅದು ಪ್ರಚಾರಕ್ಕೆ ಬಂತು. ಕೆಳಗಿನ ಜಾತಿಯೊಂದು ಮಾಂಸ, ಮದ್ಯ ಬಿಟ್ಟು, ತನ್ನ ಆಚರಣೆಗಳನ್ನು ಬದಲಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಪಡೆಯಬಹುದು ಎಂಬುದು ಅದರ ತಿರುಳು. ಕೊಡಗಿನಲ್ಲೇ ಇದಕ್ಕೆ ಉದಾಹರಣೆಯಿತ್ತು: ಅಮ್ಮ ಕೊಡವರು. ಅವರು ಮಾಂಸ ಬಿಟ್ಟರು, ಜನಿವಾರ ಹಾಕಿದರು, ಬೇರೆ ಗುಂಪಾದರು.

ಉಳಿದ ಕೊಡವರು? ಅವರು ಹಂದಿ ಬಿಡಲಿಲ್ಲ, ಮದ್ಯ ಬಿಡಲಿಲ್ಲ, ತಮ್ಮ ಕ್ಷತ್ರಿಯತ್ವದ ಹೆಮ್ಮೆಯನ್ನೂ ಬಿಡಲಿಲ್ಲ. 1834ರವರೆಗೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಅವರನ್ನು ಆಳಿದ ಹಾಲೇರಿ ಅರಸರು ಮತದಿಂದ ಲಿಂಗಾಯತರು. ಅರಸನ ಮತದ ಊಟ ಪ್ರಜೆಯ ಊಟವಾಗಲಿಲ್ಲ. ಅಂದರೆ, ಸಿದ್ಧಾಂತ ಹುಟ್ಟಿದ ಊರಿನಲ್ಲೇ ಸಿದ್ಧಾಂತಕ್ಕೆ ಒಗ್ಗದ ಮಡಕೆಯೊಂದು ಒಲೆಯ ಮೇಲಿತ್ತು. ಶ್ರೀನಿವಾಸ್ ಅದನ್ನು ಕಾಣದವರಲ್ಲ. ಪಿತೃಗಳಿಗೆ ಮಾಂಸ, ಮದ್ಯ ಇಡುವುದನ್ನು ಅವರೇ ದಾಖಲಿಸಿದ್ದಾರೆ. 1966ರ ಪುಸ್ತಕದಲ್ಲಿ, ತಾವು ಮೊದಲು ಬ್ರಾಹ್ಮಣ ಮಾದರಿಗೆ ಹೆಚ್ಚು ಒತ್ತು ಕೊಟ್ಟೆವೆಂದು ಒಪ್ಪಿ, ಕ್ಷತ್ರಿಯ ಮತ್ತಿತರ ಮಾದರಿಗಳನ್ನೂ ಸೇರಿಸಿದರು. ಕನ್ನಡದ ತರಗತಿಗಳಲ್ಲಿ ನಾವು 1952ರ ವಾಕ್ಯವನ್ನೇ ಬಾಯಿಪಾಠ ಮಾಡಿ 1966ರ ತಿದ್ದುಪಡಿಯನ್ನು ಮರೆಯುತ್ತೇವೆ. ಹಾಗಾಗಿ ‘ಮಾಂಸ ಬಿಡುವುದೇ ಮೇಲೇರುವ ದಾರಿ’ ಎಂಬುದು ವಿವರಣೆಯಾಗಿ ಶುರುವಾಗಿ, ನಮಗೇ ಗೊತ್ತಾಗದಂತೆ ಸಲಹೆಯಾಗಿಬಿಡುತ್ತದೆ.

ಕೊಡವರ ವರ್ಷದ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಕಕ್ಕಡದ ಮಳೆಯಲ್ಲಿ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಆಸುಪಾಸಿಗೆ ಕೈಲ್‌ಪೊಳ್ದ್. ಕೋವಿ, ಒಡಿಕತ್ತಿಗಳನ್ನು ಹೊರತೆಗೆದು ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತಾರೆ. ಅಂದು ಪಂದಿ ಕರಿ, ಕಡಂಬುಟ್ಟು. ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಹಿರಿಯರಿಗೆ ಮೀದಿ ಇಡುವಾಗ ಎಲೆಯ ಮೇಲೆ ಆ ಮಾಂಸವೂ ಇರುತ್ತದೆ. ಆರು ವಾರ ಕಳೆದರೆ, ಅಕ್ಟೋಬರ್ 17ರ ಸುಮಾರಿಗೆ ಕಾವೇರಿ ಸಂಕ್ರಮಣ. ಅಂದು ಅದೇ ಮನೆಯಲ್ಲಿ ಮಾಂಸವಿಲ್ಲ. ಒಂದೇ ಒಲೆಗೆ ಎರಡು ನೇಮ ಗೊತ್ತು. ಒಂದನ್ನು ‘ಹಿಂದಿನದು’, ಇನ್ನೊಂದನ್ನು ‘ಮುಂದಿನದು’ ಎಂದು ಮೆಟ್ಟಿಲ ಮೇಲೆ ಜೋಡಿಸುವ ಓದಿಗೆ ಈ ಮನೆ ಅರ್ಥವಾಗುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 2022ರ ಆಗಸ್ಟ್‌ನಲ್ಲಿ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರ ಕೊಡಗು ಭೇಟಿಯ ನಂತರ, ಅವರು ಮಾಂಸ ತಿಂದು ಕೊಡ್ಲಿಪೇಟೆಯ ಬಸವೇಶ್ವರ ದೇವಸ್ಥಾನಕ್ಕೆ ಹೋದರೇ ಎಂಬ ಪ್ರಶ್ನೆ ದಿನಗಟ್ಟಲೆ ಸುದ್ದಿಯಾಯಿತು. ತಿಂದರೋ ಇಲ್ಲವೋ, ತಿಂದರೆ ತಪ್ಪೋ ಅಲ್ಲವೋ ಎಂದು ಟೀವಿಯಲ್ಲಿ ಚರ್ಚೆ ನಡೆಯಿತು. ಒಂದೊಂದು ಗುಡಿಗೂ ಅದರದೇ ನೇಮವಿರುತ್ತದೆ, ಅದನ್ನು ಗೌರವಿಸುವುದು ಬೇರೆ ಮಾತು. ಆದರೆ ಅದೇ ಜಿಲ್ಲೆಯ ಐನ್‌ಮನೆಗಳಲ್ಲಿ ಮಾಂಸವೇ ಹಿರಿಯರಿಗೆ ಸಲ್ಲುವ ಎಡೆ ಎಂಬ ಸಂಗತಿ ಆ ಗದ್ದಲದಲ್ಲಿ ಎಷ್ಟು ಕೇಳಿಸಿತು? ದೈವಕ್ಕೂ ಮಾಂಸಕ್ಕೂ ಇರುವ ನೆಂಟಿನ ಬಗ್ಗೆ ಮಾತಾಡುವ ಭಾಷೆ ನಮ್ಮ ಹಳ್ಳಿಗಳಲ್ಲಿದೆ. ಕನ್ನಡದ ಸಾರ್ವಜನಿಕ ಗದ್ಯದಲ್ಲಿ ಅದು ಕ್ಷೀಣವಾಗಿದೆ. ಬರೆಯದೆ ಬಿಟ್ಟದ್ದರ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಕನ್ನಡ ಬಿಟ್ಟ ಜಾಗವನ್ನು ಇಂಗ್ಲಿಷಿನ ಮೆನು ಮತ್ತು ಪಾಕವಿಧಾನ ತುಂಬಿವೆ. ರೆಸಾರ್ಟಿನಲ್ಲಿ ಅದು ‘ಕೂರ್ಗ್ ಪೋರ್ಕ್’. ಪಾಕವಿಧಾನ ಸಾಮಾನ್ಯವಾಗಿ ‘ಒಂದು ಕಿಲೋ ತುಂಡು ಮಾಡಿದ ಮಾಂಸ’ದಿಂದ ಶುರುವಾಗುತ್ತದೆ. ಅದಕ್ಕೂ ಮುಂಚಿನ ಕತೆಯೆಲ್ಲ, ಸಾಕಿದವರು, ಕೊಂದವರು, ಚರ್ಮ ಸುಟ್ಟು ಕೆರೆದವರು, ಪಾಲು ಹಾಕಿದವರು, ಆ ಮೊದಲ ಸಾಲಿನಲ್ಲೇ ಅಳಿಸಿಹೋಗಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ಕಾನೂನಿನ ಹೊರಗಾಯಿತು. ಮಡಕೆಯ ಹಂದಿ ಇಂದು ಸಾಕಿದ ಹಂದಿ. ಮೆನುವಿನ ವಿವರಣೆಯಲ್ಲಿ ಮಾತ್ರ ಬೇಟೆಗಾರ ಇನ್ನೂ ಕಾಡಿನಿಂದ ಬರುತ್ತಲೇ ಇರುತ್ತಾನೆ. ನಮ್ಮ ಕಾವ್ಯದ ಹಳೆಯ ಚಾಳಿಯೇ ಇದು: ಒಲೆಯ ಮುಂದೆ ಕುಳಿತವಳನ್ನು ಬಿಟ್ಟು ಬಾಣ ಹಿಡಿದವನನ್ನು ನೋಡುವುದು. ಮಸಾಲೆಯನ್ನು ಎಷ್ಟು ಕಪ್ಪಿಗೆ ಹುರಿಯಬೇಕು ಎಂಬ ತೀರ್ಮಾನದ ಮೇಲೆ ಇಡೀ ಅಡುಗೆ ನಿಂತಿದೆ. ಆ ತೀರ್ಮಾನ ಮಾಡುವ ಕಣ್ಣಿಗೂ ಮೂಗಿಗೂ ‘ಐದು ನಿಮಿಷ ಹುರಿಯಿರಿ’ ಎಂಬ ಸಾಲು ಸಾಟಿಯಲ್ಲ.

ಇನ್ನೊಂದು ಸಾಲು ಹೆಚ್ಚುಕಡಿಮೆ ಎಲ್ಲ ಪಾಕವಿಧಾನಗಳ ಕೊನೆಗೂ ಇರುತ್ತದೆ: ಕಾಚಂಪುಳಿ ಸಿಗದಿದ್ದರೆ ವಿನೆಗರ್ ಬಳಸಿ. ಅಡುಗೆಯವರಿಗೆ ಇದು ಸಹಾಯ, ತಪ್ಪೇನಿಲ್ಲ. ಆದರೆ ಅನುವಾದದ ವಿದ್ಯಾರ್ಥಿಗಳು ಈ ಸಾಲನ್ನು ನಿಧಾನಕ್ಕೆ ಓದಬೇಕು. ವಿನೆಗರಿನಲ್ಲಿ ಹುಳಿ ಇದೆ, ಕಪ್ಪು ಇಲ್ಲ; ತೀಕ್ಷ್ಣತೆ ಇದೆ, ಹಣ್ಣಿನ ಆಳವಿಲ್ಲ; ಮುಖ್ಯವಾಗಿ, ಅದರಲ್ಲಿ ಮಳೆಗಾಲವಿಲ್ಲ. ಸಮಾನಾರ್ಥಕ ಸಿಕ್ಕಿದೆ, ಅರ್ಥ ಸಿಕ್ಕಿಲ್ಲ. ಪಣಪುಳಿ ಕೊಡಗಿಗಷ್ಟೇ ಸೇರಿದ ಮರವೂ ಅಲ್ಲ. ಮಲೆನಾಡಿನವರು ಅದನ್ನೇ ಉಪ್ಪಾಗೆ ಎನ್ನುತ್ತಾರೆ. ಉತ್ತರ ಕನ್ನಡದ ಸಸ್ಯಾಹಾರಿ ಮನೆಗಳಲ್ಲಿ ಅದರ ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ದೋಸೆಗೆ ಬಿದ್ದದ್ದುಂಟು. ಒಂದೇ ಮರ ಒಂದು ಅಡುಗೆಮನೆಗೆ ತುಪ್ಪ, ಇನ್ನೊಂದಕ್ಕೆ ಹಂದಿಯ ಹುಳಿ. ಕಾಡಿಗೆ ಈ ಎರಡು ಮನೆಗಳ ನಡುವಿನ ಗೋಡೆ ಗೊತ್ತಿಲ್ಲ.

ಹಾಗೆಂದು ಪಂದಿ ಕರಿಯನ್ನು ಕೊಡಗಿನ ಏಕೈಕ ಲಾಂಛನ ಮಾಡಿದರೂ ಇನ್ನೊಂದು ಮೌನ ಹುಟ್ಟುತ್ತದೆ. ಹಂದಿಯನ್ನು ಅರೆಭಾಷೆ ಗೌಡರೂ ಉಣ್ಣುತ್ತಾರೆ, ತೋಟದ ಲೈನುಮನೆಗಳಲ್ಲೂ ಅದು ಬೇಯುತ್ತದೆ. ಅಲ್ಲಿನ ಪಾತ್ರೆಗೆ ಮೆನುವಿನಲ್ಲಿ ಹೆಸರಿಲ್ಲ. ಹಂದಿಯನ್ನು ಮುಟ್ಟದ ಮಾಪಿಳ್ಳೆಯರೂ ಬ್ರಾಹ್ಮಣರೂ ಅಮ್ಮ ಕೊಡವರೂ ಕೊಡಗಿನವರೇ. ಒಂದು ತಟ್ಟೆಯನ್ನು ಇಡೀ ನಾಡಿನ ಗುರುತೆಂದು ಎತ್ತಿ ಹಿಡಿದಾಗ, ಆ ತಟ್ಟೆ ನಿಜಕ್ಕೂ ಯಾರ ದುಡಿಮೆಯಿಂದ ತುಂಬಿತು, ಯಾರಿಗೆ ಕೊನೆಗೆ ಸಿಕ್ಕಿತು ಎಂಬ ಪ್ರಶ್ನೆ ಮರೆಯಾಗುತ್ತದೆ. ಹೆಮ್ಮೆಯ ಬರವಣಿಗೆಗೂ ನಾಚಿಕೆಯ ಮೌನಕ್ಕೂ ಒಂದು ಸಾಮ್ಯ ಇದೆ: ಎರಡೂ ಮಡಕೆಯ ಮುಚ್ಚಳ ತೆಗೆಯುವುದಿಲ್ಲ.

ವಿಮರ್ಶೆ ಮಾಡಬಹುದಾದ ಕೆಲಸ ಸಣ್ಣದು, ಆದರೆ ಆಗಬೇಕಾದದ್ದು. ‘ಪಟ್ಟೋಲೆ ಪಳಮೆ’ಯನ್ನು ಜಾನಪದದ ಕಪಾಟಿನಿಂದ ಇಳಿಸಿ ಕುವೆಂಪು ಕಾದಂಬರಿಗಳ ಪಕ್ಕದಲ್ಲಿಟ್ಟು ಓದಬಹುದು. ಸಂಸ್ಕೃತೀಕರಣದ ಪಾಠ ಮಾಡುವಾಗ ಅಮ್ಮ ಕೊಡವರ ಜತೆಗೆ ಕೈಲ್‌ಪೊಳ್ದಿನ ಮೀದಿಯನ್ನೂ ಹೇಳಬಹುದು. ಅಮ್ಮಂದಿರ, ಅತ್ತೆಯರ ಬಾಯಲ್ಲಿರುವ ಪಾಕವನ್ನು ಅಳತೆಯ ಪಟ್ಟಿಯಾಗಿ ಇಳಿಸದೆ, ‘ಇನ್ನೊಂದಿಷ್ಟು ಕಪ್ಪಾಗಲಿ’, ‘ಈಗ ಹುಳಿ ಹಾಕು’ ಎಂಬ ಮಾತುಗಳ ಸಮೇತ ಕನ್ನಡದಲ್ಲಿ ಬರೆದಿಡಬಹುದು; ಕೊಡವ ತಕ್ಕ್‌ನ ಪದಗಳು ಅಲ್ಲಲ್ಲೇ ಇರಲಿ, ಓದುಗರು ಕಲಿಯುತ್ತಾರೆ. ಆತಕೂರಿನ ಕಲ್ಲನ್ನು ಮುಂದಿನ ಸಲ ತರಗತಿಯಲ್ಲಿ ಓದುವಾಗ, ಪಕಾರ ಹಕಾರವಾದ ಪಾಠ ಮುಗಿದ ಮೇಲೆ, ಆ ಹಂದಿಯನ್ನು ಊರಿಗೆ ಹೊತ್ತು ತಂದವರು ಯಾರಿರಬಹುದು ಎಂದು ಒಬ್ಬ ವಿದ್ಯಾರ್ಥಿಯಾದರೂ ಕೇಳಲಿ.